ಹೋಲಿಕೆಯ ಹಟ: ಮಂಗಳೂರಿನ ಮರದ ಪಳ್ಳಿಯ ಮುಂದೆ ಕೆಲವು ವಿಚಾರಗಳು

ನಂದಿನಿ ಲೇಔಟಿನ ನಮ್ಮ ಬೀದಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರಿದ್ದಾರೆ. ಮೂವತ್ತು ವರ್ಷ ಸರ್ಕಾರಿ ಕಟ್ಟಡಗಳಿಗೆ ಕಾಂಕ್ರೀಟು ಹಾಕಿಸಿದವರು. ಈಗ ಮಗಳು ಅಳಿಯ ಕರೆದುಕೊಂಡು ಹೋದ ಕಡೆಗೆಲ್ಲ ಹೋಗಿಬಂದು, ಸಂಜೆ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಪ್ರವಾಸದ ಕಥೆ ಹೇಳುವುದೇ ಅವರ ಉದ್ಯೋಗ. ಹೋದ ವರ್ಷ ಚೀನಾ ದೇಶಕ್ಕೆ ಹೋಗಿಬಂದರು. ಬಂದ ಮರುದಿನವೇ ಫೋನಿನಲ್ಲಿ ಒಂದು ಚಿತ್ರವನ್ನು ನನ್ನ ಮೂಗಿನ ಬಳಿ ಹಿಡಿದು, "ಮೇಷ್ಟ್ರೇ, ಇದೇನು ಹೇಳಿ ನೋಡೋಣ" ಎಂದರು. ಮರದ ಕಂಬಗಳು, ಬಾಗಿದ ಸೂರು, ನೀಲಿ ಹೊಳಪಿನ ಹಂಚು, ಅಂಗಳದಲ್ಲಿ ಒಂದು ಮಂಟಪ. "ಯಾವುದೋ ಬೌದ್ಧ ವಿಹಾರ" ಎಂದೆ. ಅವರಿಗೆ ಬೇಕಾಗಿದ್ದದ್ದೂ ಅದೇ ಉತ್ತರ. "ಸೋತಿರಿ. ಇದು ಮಸೀದಿ!" ಎಂದು ತೊಡೆ ತಟ್ಟಿಕೊಂಡು ನಕ್ಕರು.

ಅವರು ತೋರಿಸಿದ್ದು ಷಿಯಾನ್ ನಗರದ ದೊಡ್ಡ ಮಸೀದಿ. ಈಗಿರುವ ಕಟ್ಟಡ ಮಿಂಗ್ ಅರಸರ ಕಾಲದ್ದು. 1392ರಲ್ಲಿ ಕಟ್ಟಲು ತೊಡಗಿದರೆಂದು ಹೇಳುತ್ತಾರೆ. ಒಂದರ ಹಿಂದೆ ಒಂದಾಗಿ ಅಂಗಳಗಳು, ಅವುಗಳ ಕೊನೆಯಲ್ಲಿ ಮರದ ಪ್ರಾರ್ಥನಾಮಂದಿರ. ಮಿನಾರು ಎಂದು ನಾವು ಹುಡುಕುವ ಗೋಪುರದ ಸ್ಥಾನದಲ್ಲಿರುವುದು ಎಂಟು ಮೂಲೆಯ, ಮೂರು ಸೂರಿನ ಒಂದು ಚೀನೀ ಮಂಟಪ. ಗುಮ್ಮಟವಿಲ್ಲ. ಆದರೆ ಒಂದು ಸಂಗತಿಯನ್ನು ಇಂಜಿನಿಯರರು ಗಮನಿಸಿರಲಿಲ್ಲ. ಚೀನೀ ಸಂಪ್ರದಾಯದ ಅರಮನೆಯಾಗಲಿ ದೇಗುಲವಾಗಲಿ ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ನಿಂತು ದಕ್ಷಿಣಕ್ಕೆ ಮುಖ ಮಾಡುತ್ತದೆ. ಈ ಮಸೀದಿ ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ ಮಲಗಿದೆ, ಏಕೆಂದರೆ ಅಲ್ಲಿಂದ ಮೆಕ್ಕಾ ಇರುವುದು ಪಶ್ಚಿಮಕ್ಕೆ. ಮೇಲಿನ ಸೂರೆಲ್ಲ ಚೀನಾದ್ದು. ಕೆಳಗಿನ ನೆಲ ಬೇರೆಯ ದಿಕ್ಕಿಗೆ ತಿರುಗಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದೆ ಬೇಕಾಗುತ್ತದೆ.

"ನಮ್ಮ ಕಡೆ ಇಂಥದು ಒಂದೂ ಇಲ್ಲವಲ್ಲ" ಎಂದು ಅವರು ವಿಷಾದಪಟ್ಟರು. "ಏಕಿಲ್ಲ? ಮಂಗಳೂರಿನ ಬಂದರಿನಲ್ಲಿದೆ" ಎಂದೆ. ಅವರು ನಂಬಲಿಲ್ಲ. ನಂಬಿಸುವುದಕ್ಕೆ ಉಳಿದಿದ್ದ ದಾರಿ ರೈಲು ಒಂದೇ. ಯಶವಂತಪುರದ ನಿಲ್ದಾಣ ನಮ್ಮ ಬಡಾವಣೆಗೆ ಕೈಯಳತೆಯಲ್ಲಿದೆ. ಈ ಸಲದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಹಗಲು ಗಾಡಿ ಹತ್ತಿದೆವು.

ಸಕಲೇಶಪುರ ದಾಟಿ ಗಾಡಿ ಘಟ್ಟವನ್ನಿಳಿಯುವಾಗ ಎಲ್ಲರೂ ನೋಡುವುದು ಜಲಪಾತಗಳನ್ನು ಮತ್ತು ಸುರಂಗಗಳನ್ನು. ನಾವು ಮನೆಗಳ ತಲೆಗಳನ್ನು ನೋಡುತ್ತ ಹೋದೆವು. ಬೆಂಗಳೂರು ಬಿಡುವಾಗ ತಲೆಯೆಲ್ಲ ಚಪ್ಪಟೆ. ಹಾಸನದ ಆಚೆ ಒಂದೊಂದೇ ಹಂಚು. ಘಟ್ಟ ಇಳಿದ ಮೇಲೆ ದನದ ಕೊಟ್ಟಿಗೆ, ಶಾಲೆ, ದೇವಸ್ಥಾನ, ಭೂತದ ಗುಡಿ, ಅಂಗಡಿ, ಎಲ್ಲದರ ಮೇಲೂ ಒಂದೇ ಬಗೆಯ ಇಳಿಜಾರು. ಕರಾವಳಿಯವರು ಇದನ್ನು 'ಮಾಡು' ಎನ್ನುತ್ತಾರೆ. ನಮ್ಮ ಬಯಲುಸೀಮೆಯ 'ತಾರಸಿ' ಮತ್ತು ಅವರ 'ಮಾಡು' ಇವೆರಡರ ನಡುವೆ ಇರುವುದು ಮಳೆ. ಬೆಂಗಳೂರಿಗೆ ವರ್ಷದಲ್ಲಿ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ಮಂಗಳೂರಿಗೆ 3500 ಮಿಲಿಮೀಟರಿಗೂ ಮೀರಿ, ಅದರಲ್ಲಿಯೂ ಬಹುಪಾಲು ನಾಲ್ಕೇ ತಿಂಗಳಲ್ಲಿ.

ಜೀನತ್ ಬಕ್ಷ್ ಜುಮಾ ಮಸೀದಿ ಮಂಗಳೂರಿನ ಬಂದರು ಪ್ರದೇಶದಲ್ಲಿದೆ. ಊರವರ ಬ್ಯಾರಿ ಮಾತಿನಲ್ಲಿ ಅದು 'ಬೆಲಿಯ ಪಳ್ಳಿ', ಎಂದರೆ ದೊಡ್ಡ ಪಳ್ಳಿ. ಸಗಟು ಅಂಗಡಿಗಳ, ಲಾರಿಗಳ, ಮೀನು ಮತ್ತು ಸಾಂಬಾರದ ವಾಸನೆಗಳ ನಡುವೆ, ಕಾಲಕಾಲಕ್ಕೆ ಸೇರಿಸಿದ ಭಾಗಗಳನ್ನು ಹೊದ್ದುಕೊಂಡು ನಿಂತಿದೆ. ಹೊರಗಿನಿಂದ ನೋಡಿ ಮನಸೋಲುವವರು ಕಡಮೆ. ಅದರ ಬೆಲೆ ತಿಳಿಯುವುದು ಒಳಗೆ ಹೋದ ಮೇಲೆಯೇ.

ಮಧ್ಯಾಹ್ನದ ನಮಾಜು ಮುಗಿದು ಜನ ಚದುರಿದ ಮೇಲೆ ಅಲ್ಲಿನ ಹಿರಿಯರೊಬ್ಬರು ನಮ್ಮನ್ನು ಕರೆದುಕೊಂಡು ಹೋದರು. ಕಾಲು ತೊಳೆದು ಒಳಗೆ ಕಾಲಿಟ್ಟರೆ ಮೊದಲು ಅನುಭವಕ್ಕೆ ಬರುವುದು ತಂಪು, ಆಮೇಲೆ ಕತ್ತಲೆ, ಅದಾದ ಮೇಲೆ ಮರ. ಹಳೆಯ ಒಳಸಾಲೆಯಲ್ಲಿ ಹದಿನಾರು ಮರದ ಕಂಬಗಳು. ಕಂಬಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಮುಚ್ಚಿಗೆ. ಹೂವು, ಬಳ್ಳಿ, ಎಲೆ, ಇವಷ್ಟನ್ನೇ ಕೆತ್ತಿದ್ದಾರೆ. ನಮ್ಮ ದೇವಸ್ಥಾನದ ಕಂಬವಾಗಿದ್ದರೆ ಎಲ್ಲಿ ಒಂದು ಗಿಳಿ ಕುಳಿತಿರುತ್ತಿತ್ತೋ, ಎಲ್ಲಿ ಒಂದು ಯಾಳಿ ಬಾಯ್ದೆರೆಯುತ್ತಿತ್ತೋ, ಅಲ್ಲೆಲ್ಲ ಬಳ್ಳಿ ತನ್ನ ಪಾಡಿಗೆ ತಾನು ಸುತ್ತಿಕೊಂಡು ಹೋಗಿದೆ. ಕೈ ಅದೇ ಕೈ, ಸಂಯಮ ಬೇರೆ.

"ಮಳೆಗಾಲದಲ್ಲಿ ಬಂದಿರಲ್ಲ, ಒಳ್ಳೆಯದೇ ಆಯಿತು. ನೀರು ಎಲ್ಲಿ ಬೀಳುತ್ತದೆ ನೋಡಿ" ಎಂದರು ಹಿರಿಯರು. ಹೊರಗೆ ಬಂದು ನೋಡಿದೆವು. ಮಳೆ ಮಾಡಿನ ಮೇಲಿಂದ ಜಾರಿ ಗೋಡೆಯಿಂದ ಬಹುದೂರಕ್ಕೆ, ಸಾಲಾಗಿ ಅಂಗಳಕ್ಕೆ ಬೀಳುತ್ತಿತ್ತು. ಇಂಜಿನಿಯರರು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, "ಮೇಷ್ಟ್ರೇ, ಇದು ಥೇಟ್ ಚೀನಾದ ಹಾಗೆ" ಎಂದರು.

ಮರುದಿನ ಮೂಡಬಿದಿರೆಗೆ ಹೋದೆವು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮುಂದೆ ನಿಂತು, ಅದರ ಒಂದರ ಮೇಲೊಂದು ಏರಿದ ಇಳಿಜಾರು ಮಾಡುಗಳನ್ನು ನೋಡಿ, ಅವರು ಅದೇ ವಾಕ್ಯವನ್ನು ಒಂದಕ್ಷರವೂ ಬದಲಿಸದೆ ಮತ್ತೆ ಆಡಿದರು.

ನನ್ನ ಮಿತ್ರರು ತಿಳಿಯದೆಯೇ ದೊಡ್ಡವರ ಸಾಲಿನಲ್ಲಿ ಸೇರಿಕೊಂಡರು. ಇಂಡಿಗೋ ವ್ಯಾಪಾರಕ್ಕೆಂದು ಭಾರತಕ್ಕೆ ಬಂದು, ಇಲ್ಲಿನ ಕಟ್ಟಡಗಳ ಮೋಹಕ್ಕೆ ಬಿದ್ದು, ಅವುಗಳ ಮೊದಲ ದೊಡ್ಡ ಇತಿಹಾಸವನ್ನು ಬರೆದ ಸ್ಕಾಟ್ಲೆಂಡಿನ ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಮೂಡಬಿದಿರೆಯ ಬಸದಿಗಳ ವಿಷಯವನ್ನು ಎತ್ತಿಕೊಂಡಿದ್ದಾನೆ. ಇವು ದ್ರಾವಿಡ ಶೈಲಿಯವಲ್ಲ, ಉತ್ತರದ ಶೈಲಿಯವೂ ಅಲ್ಲ, ಇವಕ್ಕೆ ಹತ್ತಿರವಾದದ್ದು ನೇಪಾಳದಲ್ಲಿ ಸಿಕ್ಕುತ್ತದೆ ಎಂದು ಅವನ ಅಭಿಪ್ರಾಯ. ಅಲ್ಲಿನ ಜೈನ ಗುರುಗಳ ಸಮಾಧಿಗಳನ್ನು ಕಂಡು ಅವನಿಗೆ ಚೀನೀ ಗೋಪುರಗಳ ನೆನಪಾಯಿತು. ನೇಪಾಳಕ್ಕೂ ಕನ್ನಡ ಕರಾವಳಿಗೂ ಯಾವಾಗ, ಹೇಗೆ ಸಂಬಂಧ ಉಂಟಾಯಿತು ಎಂಬುದಕ್ಕೆ ಒಂದು ಊಹೆಯನ್ನು ಕೂಡ ಕೊಡಲಾರೆ ಎಂದು ಒಪ್ಪಿಕೊಂಡವನು, ಸಂಬಂಧ ಇದ್ದೇ ಇತ್ತೆಂಬುದರಲ್ಲಿ ಮಾತ್ರ ತನಗೆ ಸಂಶಯವಿಲ್ಲ ಎಂದ.

ಫರ್ಗುಸನ್ ಸಣ್ಣ ಬರಹಗಾರನಲ್ಲ. ಆ ಕಾಲದಲ್ಲಿ ಅಷ್ಟು ಕಟ್ಟಡಗಳನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ವಿರಳ. ಕರಾವಳಿಯ ಕಲ್ಲಿನ ಕಟ್ಟಡಗಳ ಹಿಂದೆ ಮರದ ಕಟ್ಟಡದ ನೆನಪಿದೆ ಎಂದು ಅವನು ಗುರುತಿಸಿದ್ದೂ ನಿಜ. ಆದರೆ ಶೈಲಿಯೆಂದರೆ ಜನಾಂಗ ಎಂಬುದು ಅವನ ಸಿದ್ಧಾಂತ. ಎರಡು ಕಟ್ಟಡಗಳು ಒಂದರ ಹಾಗೆ ಒಂದು ಕಂಡರೆ ಕಟ್ಟಿದ ಜನರಲ್ಲಿ ರಕ್ತಸಂಬಂಧವೋ ಒಡನಾಟವೋ ಇರಲೇಬೇಕು. ಕಾರಣ ತಿಳಿಯದು, ಆದರೆ ಸಂದೇಹವಿಲ್ಲ: ಇದು ವಿಮರ್ಶೆಯ ಮಾತಲ್ಲ, ಹಟದ ಮಾತು. ಹೋಲಿಕೆಯ ಹಟವೆಂದು ನಾನು ಕರೆಯುವುದು ಇದನ್ನೇ.

ಕಟ್ಟಡದ ಒಳಮೈಯನ್ನು ನೋಡಿದರೆ ಹಟ ಸಡಿಲವಾಗುತ್ತದೆ. ಇಲ್ಲಿ ನನ್ನ ಮಿತ್ರರ ಇಂಜಿನಿಯರ್ ವಿದ್ಯೆ ಸಹಾಯಕ್ಕೆ ಬಂದಿತು. ಚೀನೀ ಬಡಗಿ ಎರಡು ಕಂಬಗಳ ಮೇಲೆ ಒಂದು ದೊಡ್ಡ ತೊಲೆ ಹಾಕುತ್ತಾನೆ. ಅದರ ಮೇಲೆ ಗಿಡ್ಡ ಗೂಟಗಳನ್ನು ನಿಲ್ಲಿಸಿ ಇನ್ನೊಂದು ಚಿಕ್ಕ ತೊಲೆ. ಅದರ ಮೇಲೆ ಇನ್ನೂ ಚಿಕ್ಕದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಒಂದೊಂದು ಮೆಟ್ಟಿಲಿನ ಎತ್ತರವನ್ನು ತನಗೆ ಬೇಕಾದಂತೆ ಹೆಚ್ಚುಕಡಮೆ ಮಾಡುವುದರಿಂದ ಆ ಸೂರಿಗೆ ಪ್ರಸಿದ್ಧವಾದ ಬಾಗು ಬರುತ್ತದೆ. ಹೊರಚಾಚಿದ ಸೂರನ್ನು ಹೊರುವುದಕ್ಕೆ ಕಂಬದ ತಲೆಯ ಮೇಲೆ ತುಂಡು ತುಂಡು ಮರಗಳನ್ನು ಗೊಂಚಲಾಗಿ ಜೋಡಿಸುತ್ತಾನೆ. ನಮ್ಮ ಕರಾವಳಿಯ ಬಡಗಿಯ ದಾರಿ ಬೇರೆ. ಅವನು ನೆತ್ತಿಯ ತೊಲೆಯಿಂದ ಗೋಡೆಯ ಮೇಲಿನ ತೊಲೆಯವರೆಗೆ ನೇರವಾದ ಪಕ್ಕಾಸುಗಳನ್ನು ಇಳಿಬಿಡುತ್ತಾನೆ. ಅಡ್ಡಕ್ಕೆ ರೀಪು ಬಡಿದು ಹಂಚು ಹೊದಿಸುತ್ತಾನೆ. ಒಂದು ಬಾಗಿದ ಮಾಡು, ಒಂದು ನೇರ ಮಾಡು. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಎಲುಬುಗಳನ್ನು ಎಣಿಸಿದರೆ ಬೇರೆ ಬೇರೆ ಮನೆತನ.

ಹಾಗಾದರೆ ಹೋಲಿಕೆ ಎಲ್ಲಿಂದ ಬಂತು? ಎಲ್ಲವೂ ಮಳೆಯಿಂದ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ರೈಲಿನಲ್ಲಿ ಇಳಿಯುವಾಗ ನಾನೂ ಹಾಗೆಯೇ ತೀರ್ಮಾನಿಸಿದ್ದೆ. ಆದರೆ ಷಿಯಾನ್ ನಗರಕ್ಕೆ ವರ್ಷದಲ್ಲಿ ಬೀಳುವ ಮಳೆ 600 ಮಿಲಿಮೀಟರಿಗೂ ಕಡಮೆ; ನಮ್ಮ ನಂದಿನಿ ಲೇಔಟಿಗೆ ಬೀಳುವಷ್ಟೂ ಇಲ್ಲ. ಅಲ್ಲಿ ಆ ದೊಡ್ಡ ಸೂರನ್ನು ಇರಿಸಿದ್ದು ಮುಗಿಲಲ್ಲ. ಗೌರವದ ಕಟ್ಟಡವೆಂದರೆ ಹೀಗಿರಬೇಕೆಂಬ ಬಹುಕಾಲದ ವಾಡಿಕೆ, ಅರಮನೆಯ ಮಾದರಿ, ಆ ಮಾದರಿಯಲ್ಲಿ ಪಳಗಿದ ಬಡಗಿಗಳ ಕೈ. ಮಂಗಳೂರಿನಲ್ಲಿ ಮುಗಿಲಿನ ಪಾಲು ಹೆಚ್ಚು. ಒಂದೇ ರೂಪಕ್ಕೆ ಎರಡು ಕಡೆ ಎರಡು ಕಾರಣ. ಕಾವ್ಯದಲ್ಲಿ ಇದನ್ನು ನಾವು ಬಲ್ಲೆವು: ಇಬ್ಬರು ಕವಿಗಳು ಒಂದೇ ಉಪಮೆಯನ್ನು ಬಳಸಿದ ಮಾತ್ರಕ್ಕೆ ಒಬ್ಬನು ಇನ್ನೊಬ್ಬನಿಂದ ಕದ್ದನೆಂದು ಯಾವ ಸಹೃದಯನೂ ಹೇಳುವುದಿಲ್ಲ. ಕಟ್ಟಡದ ವಿಷಯದಲ್ಲಿ ಮಾತ್ರ ನಮಗೆ ಆ ಸಹನೆ ಇಲ್ಲ.

ಚೀನಾದ ಒಡನಾಟವೇ ಇರಲಿಲ್ಲವೆಂದು ನಾನು ವಾದಿಸುತ್ತಿಲ್ಲ. ಇತ್ತು, ಧಾರಾಳವಾಗಿ ಇತ್ತು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಈ ಕರಾವಳಿಗೆ ಬಂದ ಇಬ್ನ್ ಬತೂತ, ಕಲ್ಲಿಕೋಟೆಯ ರೇವಿನಲ್ಲಿ ಹದಿಮೂರು ಚೀನೀ ಹಡಗುಗಳನ್ನು ಕಂಡ. ಮಂಗಳೂರಿನಲ್ಲಿ ಊರಿಗೆ ತಗುಲಿದ ಕೇರಿಯಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರಿದ್ದರೆಂದೂ ಪಾರಸ, ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದೂ ಬರೆದ. ಕಲ್ಲಿಕೋಟೆಯ ಮಿತ್ಕಾಲ್ ಎಂಬ ಹಡಗಿನೊಡೆಯನ ಹಡಗುಗಳು ಚೀನಾದವರೆಗೂ ವ್ಯಾಪಾರಕ್ಕೆ ಹೋಗುತ್ತಿದ್ದುದನ್ನೂ ಅವನೇ ಹೇಳುತ್ತಾನೆ. ಆ ನಾಖುದಾ ಮಿತ್ಕಾಲನ ಹೆಸರಿನ ಪಳ್ಳಿ ಕಲ್ಲಿಕೋಟೆಯ ಕುಟ್ಟಿಚ್ಚಿರದಲ್ಲಿ ಇಂದಿಗೂ ಇದೆ. ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದ ಅದರ ಮರದ ಮಾಡುಗಳನ್ನು ನೋಡಿದರೆ ಫರ್ಗುಸನ್ ಇನ್ನೂ ಒಂದು ಪುಟ ಬರೆಯುತ್ತಿದ್ದ. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿಯಿಟ್ಟರು. ಆಮೇಲೆ ಮತ್ತೆ ಎತ್ತಿ ಕಟ್ಟಿದರು. ಚೀನಾವನ್ನು ಬಲ್ಲ ಹಡಗಿನೊಡೆಯನೊಬ್ಬನು ತನ್ನ ಪಳ್ಳಿಯನ್ನು ಕಟ್ಟಿಸಲು ಯಾರನ್ನು ಕರೆಯುತ್ತಾನೆ? ಹಡಗಿನಲ್ಲಿ ಕರಿಮೆಣಸು ಹೋಗಬಹುದು, ರೇಷ್ಮೆ ಬರಬಹುದು, ಪಿಂಗಾಣಿ ಬರಬಹುದು. ಮಾಡು ಹಡಗಿನಲ್ಲಿ ಬರುವುದಿಲ್ಲ. ಅದನ್ನು ಕಟ್ಟುವವನು ಊರ ಬಡಗಿ. ಅವನಿಗೆ ಗೊತ್ತಿರುವುದು ಊರ ಮರ, ಊರ ಮಳೆ, ಅವನ ತಂದೆ ಕಲಿಸಿದ ಅಳತೆ.

ಕಡಲಾಚೆಯ ಜಾವಾದಲ್ಲೂ ಇದೇ ಕಥೆ. ಅಲ್ಲಿನ ದೆಮಾಕ್ ಊರಿನ ಹಳೆಯ ಮಸೀದಿ ನಾಲ್ಕು ದೊಡ್ಡ ಮರದ ಕಂಬಗಳ ಮೇಲೆ ಮೂರು ಅಂತಸ್ತಿನ ಮಾಡನ್ನು ಹೊತ್ತಿದೆ. ಅದರಲ್ಲಿ ಒಂದು ಕಂಬವನ್ನು ಸಂತನೊಬ್ಬನು ಮರದ ಚಕ್ಕೆಗಳನ್ನು ಕಟ್ಟಿ ಕೂಡಿಸಿ ಮಾಡಿದನೆಂದು ಐತಿಹ್ಯ. ಐತಿಹ್ಯವೂ ಬಡಗಿಯ ಕೆಲಸವನ್ನೇ ಹೊಗಳುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ಇಷ್ಟಕ್ಕೇ ನಿಂತಿದ್ದರೆ ಇದು ನೂರೈವತ್ತು ವರ್ಷದ ಹಿಂದಿನ ಪಂಡಿತನೊಬ್ಬನ ಜೊತೆ ಜಗಳವಾಗುತ್ತಿತ್ತು. ಪುರವಣಿಯ ಪುಟವನ್ನು ಅದಕ್ಕೆ ವ್ಯಯಮಾಡಬೇಕಾಗಿರಲಿಲ್ಲ. ಆದರೆ ಹೋಲಿಕೆಯ ಹಟ ಇಂದು ಗ್ರಂಥದಲ್ಲಿಲ್ಲ, ಬೀದಿಗೆ ಬಂದಿದೆ. 2022ರ ಏಪ್ರಿಲಿನಲ್ಲಿ ಮಂಗಳೂರಿನ ಹತ್ತಿರದ ಮಳಲಿಯಲ್ಲಿ ಒಂದು ಮಸೀದಿಯ ನವೀಕರಣಕ್ಕಾಗಿ ಮುಂಭಾಗವನ್ನು ಕೆಡವಿದರು. ಒಳಗಿನ ಹಳೆಯ ಮರದ ಕೆಲಸ ಬೆಳಕಿಗೆ ಬಿತ್ತು. ನೋಡಿದವರು ಕೆಲವರು, ಇದು ದೇವಸ್ಥಾನದ ಹಾಗಿದೆ ಎಂದರು. ಹಾಗಿದೆ ಎಂಬುದು ಎರಡು ದಿನಗಳಲ್ಲಿ ಹೌದು ಎಂದಾಯಿತು. ಕೆಲಸ ನಿಂತಿತು, ವಿವಾದ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು.

ಆ ಜಾಗದ ಇತಿಹಾಸ ಏನೆಂದು ತೀರ್ಮಾನಿಸುವುದು ದಾಖಲೆ, ಶಾಸನ, ಉತ್ಖನನಗಳ ಕೆಲಸ, ನ್ಯಾಯಾಲಯದ ಕೆಲಸ, ಪುರವಣಿಯ ಲೇಖಕನದಲ್ಲ. ಆದರೆ 'ಹಾಗಿದೆ' ಎಂಬ ಮಾತು ಸಾಕ್ಷಿಯಾಗಬಲ್ಲದೇ ಎಂಬುದು ಮಾತ್ರ ವಿಮರ್ಶೆಯ ಪ್ರಶ್ನೆ. ಅದಕ್ಕೆ ನನ್ನ ಉತ್ತರ, ಆಗಲಾರದು. ತುಳುನಾಡಿನ ಹಳೆಯ ಮರದ ಮಸೀದಿ ಅಲ್ಲಿನ ದೇವಸ್ಥಾನದ ಹಾಗೆ ಇರುವುದು ಸಹಜ, ಇಲ್ಲದಿದ್ದರೆ ಆಶ್ಚರ್ಯಪಡಬೇಕಾಗಿತ್ತು. ಅದು ಬಸದಿಯ ಹಾಗೂ ಇದೆ, ಗುತ್ತಿನ ಮನೆಯ ಹಾಗೂ ಇದೆ, ಸ್ವಲ್ಪ ದೊಡ್ಡದಾದ ಬತ್ತದ ಕಣಜದ ಹಾಗೂ ಇದೆ. ಎಲ್ಲವನ್ನೂ ಕಟ್ಟಿದ್ದು ಒಂದೇ ಕಸುಬು. ಮಾಡಿನಿಂದ ಮತವನ್ನು ಓದಲು ಹೊರಟವನು ಷಿಯಾನಿನ ಚಿತ್ರವನ್ನು ನೋಡಿ ಬೌದ್ಧ ವಿಹಾರವೆಂದ ನನ್ನ ಹಾಗೆಯೇ ಸೋಲುತ್ತಾನೆ.

ಮಾಡನ್ನು ಬಿಟ್ಟು ನೆಲವನ್ನು ನೋಡಬೇಕು. ಷಿಯಾನಿನ ಮಸೀದಿಯ ದಿಕ್ಕನ್ನು ನೆನಪಿಟ್ಟುಕೊಳ್ಳಿ ಎಂದು ಆಗ ಕೇಳಿದ್ದು ಇದಕ್ಕಾಗಿಯೇ. ದೇವಸ್ಥಾನದ ಹೃದಯ ಗರ್ಭಗುಡಿ. ಚಿಕ್ಕದು, ಕತ್ತಲೆಯದು, ಒಬ್ಬ ಅರ್ಚಕನಿಗೆ ಸಾಲುವಷ್ಟು. ಭಕ್ತ ಹೊರಗೆ ನಿಂತು ಇಣಿಕಿ ನೋಡುತ್ತಾನೆ. ಆ ಒಂದು ದರ್ಶನಕ್ಕಾಗಿ ಇಡೀ ಕಟ್ಟಡ ಇಕ್ಕಟ್ಟಾಗುತ್ತ ಆಗುತ್ತ ಒಳಕ್ಕೆ ಹೋಗುತ್ತದೆ. ಬೆಲಿಯ ಪಳ್ಳಿಯಲ್ಲಿ ಹಾಗೆ ಕೂಡಿಕೊಳ್ಳುವ ಬಿಂದು ಇಲ್ಲ. ಅಲ್ಲಿ ಬೇಕಾದದ್ದು ಅಗಲ. ಜನ ಹೆಗಲಿಗೆ ಹೆಗಲು ಕೊಟ್ಟು ಅಡ್ಡಸಾಲಾಗಿ ನಿಲ್ಲಬೇಕು. ಎದುರಿನ ಗೋಡೆಯಲ್ಲಿರುವುದು ದೇವರಲ್ಲ, ಒಂದು ದಿಕ್ಕು. ಅದನ್ನು ತೋರಿಸಲು ಒಂದು ಗೂಡು. ಹದಿನಾರು ಕಂಬಗಳು ಬಂದದ್ದು ಇದಕ್ಕಾಗಿಯೇ. ಅಷ್ಟು ಅಗಲದ ಸಾಲೆಗೆ ಮುಚ್ಚಿಗೆಯನ್ನು ಹೊರಿಸಬೇಕಾದರೆ ನಡುವೆ ಕಂಬಗಳು ಬೇಕು. ಕಂಬಗಳು ಸಾಲನ್ನು ತೀರ ಒಡೆಯದಂತೆಯೂ ಇರಬೇಕು. ಗರ್ಭಗುಡಿಗೆ ಮಾಡು ಹೊದಿಸಿ ಬಂದ ಬಡಗಿಗೆ ಇದು ಹೊಸ ಲೆಕ್ಕ. ಹಳೆಯ ಉಳಿಯಿಂದ ಅವನು ಹೊಸ ಲೆಕ್ಕವನ್ನು ಬಿಡಿಸಿದ್ದಾನೆ. ಆ ಕಟ್ಟಡದ ಸೃಷ್ಟಿ ಇರುವುದು ಇಲ್ಲಿ. ಚೀನಾದ ಹಾಗಿದೆ ಎಂದವರಿಗೂ ಗುಡಿಯ ಹಾಗಿದೆ ಎಂದವರಿಗೂ ಕಾಣದೆ ಹೋದದ್ದೂ ಇದೇ.

ಇನ್ನು ಮೂರನೆಯ ಬಗೆಯ ನೋಡುಗರೊಬ್ಬರಿದ್ದಾರೆ. ಅವರು ಸಜ್ಜನರು. ಇಂಥ ಕಟ್ಟಡವನ್ನು ಕಂಡೊಡನೆ 'ಭಾವೈಕ್ಯದ ಸಂಕೇತ' ಎಂದು ಹೇಳಿ, ಒಂದು ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಅವರ ಮನಸ್ಸಿನ ಮೇಲೆ ನನಗೆ ಗೌರವವಿದೆ, ಆದರೆ ಅವರೂ ಕಟ್ಟಡವನ್ನು ನೋಡಲಿಲ್ಲ ಎಂಬುದನ್ನು ಹೇಳದೆ ಉಪಾಯವಿಲ್ಲ. ಬಡಗಿ ಸಂಕೇತವನ್ನು ಕೆತ್ತಲಿಲ್ಲ, ಬೋದಿಗೆಯನ್ನು ಕೆತ್ತಿದ. ಕಟ್ಟಿಸಿದವರು ಸೌಹಾರ್ದವನ್ನು ಸಾರುವುದಕ್ಕೆ ಕಟ್ಟಿಸಲಿಲ್ಲ, ಮಳೆಯಲ್ಲಿ ನೆನೆಯದೆ ನಮಾಜು ಮಾಡುವುದಕ್ಕೆ ಕಟ್ಟಿಸಿದರು. ಊರಿನ ಕೆಲಸವನ್ನು ಊರಿನ ಕೈ ಮಾಡಿತು, ಕೂಲಿ ತೆಗೆದುಕೊಂಡಿತು. ಅದು ಹೇಳಿಕೊಳ್ಳಬೇಕಾದ ದೊಡ್ಡ ಸಂಗತಿಯೆಂದು ಆಗ ಯಾರಿಗೂ ತೋರಲಿಲ್ಲ. ನಮಗೆ ಇಂದು ತೋರುತ್ತಿದ್ದರೆ ಅದರಲ್ಲಿ ನಾವು ಹೆಮ್ಮೆಪಡುವುದಕ್ಕಿಂತ ನಾಚಿಕೊಳ್ಳುವುದೇ ಹೆಚ್ಚಿರಬೇಕು.

ಕಾಲದ ವಿಷಯದಲ್ಲೂ ಎಚ್ಚರ ಬೇಕು. ಪಳ್ಳಿಯ ಪರಂಪರೆ ಅದರ ಸ್ಥಾಪನೆಯನ್ನು ಹಿಜರಿ 22ಕ್ಕೆ, ಕ್ರಿ.ಶ. 644ರ ಸುಮಾರಿಗೆ ಒಯ್ಯುತ್ತದೆ. ಮಲಿಕ್ ದೀನಾರರ ಬಳಗದವರು ಕರಾವಳಿಯ ಉದ್ದಕ್ಕೂ ಕಟ್ಟಿಸಿದ ಮೊದಲ ಪಳ್ಳಿಗಳಲ್ಲಿ ಇದೊಂದು, ಕಾಸರಗೋಡಿನ ತಳಂಗರೆಯದು ಮತ್ತು ಬಾರಕೂರಿನದು ಇದರ ಜೊತೆಯವು ಎಂದು ಹೇಳುತ್ತದೆ. ಈ ಕಥೆಯನ್ನು ಬರೆದಿಟ್ಟವರಲ್ಲಿ ಮುಖ್ಯರಾದ ಹದಿನಾರನೆಯ ಶತಮಾನದ ಜೈನುದ್ದೀನ್ ಮಖ್ದೂಮರು ತಾವೇ, ಕಾಲ ಖಚಿತವಾಗಿ ತಿಳಿಯದು, ಹಿಜರಿಯ ಇನ್ನೂರು ವರ್ಷಗಳಾದ ಮೇಲೆ ಇರಬಹುದು ಎಂದು ಎಚ್ಚರದಿಂದ ನುಡಿದಿದ್ದಾರೆ. ಭಕ್ತರಾಗಿಯೂ ವಿಮರ್ಶಕರಾಗಿ ಉಳಿಯಬಹುದೆಂಬುದಕ್ಕೆ ಅವರು ನಿದರ್ಶನ. ಟಿಪ್ಪು ಸುಲ್ತಾನನು 1784ರಲ್ಲಿ ಇದನ್ನು ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟನೆಂದೂ ಪರಂಪರೆ ಹೇಳುತ್ತದೆ. ಮಂಗಳೂರಿನ ಒಪ್ಪಂದವಾಗಿ ಇಂಗ್ಲಿಷರೊಡನೆ ಯುದ್ಧ ನಿಂತ ವರ್ಷ ಅದು. ಇನ್ನು ನಾವು 'ಮಂಗಳೂರು ಹಂಚು' ಎಂದು ಕರೆಯುವ ಕೆಂಪು ಹಂಚನ್ನು ಬಾಸೆಲ್ ಮಿಷನ್ನಿನವರು ತಮ್ಮ ಕಾರ್ಖಾನೆಯಲ್ಲಿ ಮಾಡತೊಡಗಿದ್ದು 1865ರಲ್ಲಿ. ಆ ಹಂಚನ್ನು ಹೊತ್ತ ಯಾವ ಮಾಡಿನ ಹೊದಿಕೆಯೂ ಅದಕ್ಕಿಂತ ಬಹಳ ಹಳೆಯದಾಗಿರಲಾರದು. ಒಂದೇ ಕಟ್ಟಡದಲ್ಲಿ ಏಳನೆಯ ಶತಮಾನದ ನಂಬಿಕೆ, ಹದಿನೆಂಟನೆಯ ಶತಮಾನದ ನೆನಪು, ಜರ್ಮನ್ ಪಾದ್ರಿಗಳ ಕಾರ್ಖಾನೆಯಿಂದ ಹರಡಿದ ಹಂಚು, ನಿನ್ನೆಯ ಸಿಮೆಂಟು, ಎಲ್ಲವೂ ಇರಬಹುದು. ಇದರಲ್ಲಿ ಯಾವುದನ್ನು ಹಿಡಿದು ಇದು ಯಾರದೆಂದು ಹೇಳುವುದು?

ಮಿತ್ರರ ಷಿಯಾನಿಗೆ ಇನ್ನೊಮ್ಮೆ ಹೋಗಿ ಬರೋಣ. ಅಲ್ಲಿ ಬಾಗಿದ ಸೂರು ಆರು ನೂರು ವರ್ಷಗಳ ಹಿಂದೆ ತಾನಾಗಿ ಬಂದದ್ದು. ಕಟ್ಟಿಸಿದವರಿಗೆ ಅದೇ ಮನೆಯ ಮಾತಾಗಿತ್ತು. ಅದೇ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ, ಮಸೀದಿಗಳು ಚೀನೀಯವಾಗಿ ಕಾಣಬೇಕೆಂಬ ಸರ್ಕಾರದ ಧೋರಣೆಯಿಂದ, ಹಲವು ಕಡೆ ಗುಮ್ಮಟಗಳನ್ನು ಇಳಿಸಿದ್ದಾರೆ. ನಿಂಗ್‌ಷಿಯಾ ಪ್ರಾಂತದ ವೇಯ್‌ಜೌ ಊರಿನಲ್ಲಿ 2018ರಲ್ಲಿ ಜನ ಮಸೀದಿಯ ಮುಂದೆ ಕುಳಿತು ಪ್ರತಿಭಟಿಸಿದರು. ಆಮೇಲೆ ಗುಮ್ಮಟ ಹೋಯಿತು, ಚೀನೀ ಸೂರು ಬಂತು. ಯುನ್ನಾನಿನ ಶಾದಿಯಾನ್ ಮಸೀದಿಯ ಗುಮ್ಮಟವೂ 2024ರ ಹೊತ್ತಿಗೆ ಇಲ್ಲವಾಯಿತು. ಚಿತ್ರದಲ್ಲಿ ನೋಡಿದರೆ ಹಳೆಯ ಸೂರೂ ಹೊಸ ಸೂರೂ ಒಂದೇ ಬಗೆ. ಒಂದನ್ನು ಬಡಗಿ ಇಟ್ಟ, ಇನ್ನೊಂದನ್ನು ಅಧಿಕಾರಿ ಇಡಿಸಿದ. ಹೋಲಿಕೆಯನ್ನೇ ನೆಚ್ಚಿದ ಕಣ್ಣು ಈ ಎರಡರ ಭೇದವನ್ನು ಹೇಳಲಾರದು. ಹೇಳಲಾರದ ಕಣ್ಣಿನಿಂದ ವಿಮರ್ಶೆಗೆ ಏನು ಪ್ರಯೋಜನ?

ನಮ್ಮಲ್ಲಿ ಆಗುತ್ತಿರುವುದು ಇದರ ತಿರುಗಾಮುರುಗಾ. ಇಲ್ಲಿ ಯಾರೂ ಆಜ್ಞೆ ಮಾಡಬೇಕಾಗಿಲ್ಲ. 'ಗುಡಿಯ ಹಾಗಿದೆ' ಎಂಬ ಮಾತು ಒಮ್ಮೆ ಆಪಾದನೆಯಾಯಿತೆಂದರೆ, ಅದನ್ನು ಕೇಳಿಸಿಕೊಂಡ ಊರಿನವರಿಗೆ ತಮ್ಮ ಹಳೆಯ ಮರದ ಪಳ್ಳಿಯೇ ಅಪಾಯವಾಗಿ ಕಾಣತೊಡಗುತ್ತದೆ. ಮಸೀದಿ ಮಸೀದಿಯ ಹಾಗೆ ಕಾಣಲಿ ಎಂದು ಮರವನ್ನು ಕೀಳಿಸಿ ಕಾಂಕ್ರೀಟಿನ ಗುಮ್ಮಟವನ್ನು ಎಬ್ಬಿಸುವ ಮನಸ್ಸಾದರೆ ಅವರನ್ನು ಹೇಗೆ ಬೈಯುವುದು? ಜನ ಹೆಚ್ಚಿದ್ದಾರೆ, ಜಾಗ ಸಾಲದು, ಗೆದ್ದಲು ಬಿಡುವುದಿಲ್ಲ, ಒಳ್ಳೆಯ ಮರ ಸಿಕ್ಕುವುದಿಲ್ಲ. ಈ ಕಾರಣಗಳು ಮೊದಲೇ ಇದ್ದುವು. ಅವುಗಳಿಗೆ ಈ ಅಂಜಿಕೆಯೂ ಸೇರಿದರೆ ಹಳೆಯ ಮರದ ಕೆಲಸ ಉಳಿಯುವ ಆಸೆ ಇಲ್ಲ. ಕೇರಳದ ಕೊಡುಂಗಲ್ಲೂರಿನ ಚೇರಮಾನ್ ಮಸೀದಿಗೆ 1970ರ ದಶಕದಿಂದ ಈಚೆಗೆ ಹೀಗೆ ಕಾಂಕ್ರೀಟು ಸೇರಿತ್ತು. ಈಚಿನ ವರ್ಷಗಳಲ್ಲಿ ಅದನ್ನು ತೆಗೆದು ಹಂಚಿನ ಹಳೆಯ ರೂಪಕ್ಕೆ ಮರಳಿಸುವ ಕೆಲಸ ನಡೆಯಿತು. ಅಂಥ ಅದೃಷ್ಟ ಎಲ್ಲ ಪಳ್ಳಿಗೂ ಬರುವುದಿಲ್ಲ.

ಆದಕಾರಣ ನಾನು ಕೇಳುವುದು ದೊಡ್ಡದೇನೂ ಅಲ್ಲ. ಕಟ್ಟಡವೊಂದರ ಮುಂದೆ ನಿಂತಾಗ 'ಇದು ಯಾವುದರ ಹಾಗಿದೆ?' ಎಂಬ ಪ್ರಶ್ನೆಯನ್ನು ಒಂದು ಗಳಿಗೆ ತಡೆದು, 'ಇದು ಏನು ಮಾಡುತ್ತಿದೆ?' ಎಂದು ಕೇಳಿಕೊಳ್ಳೋಣ. ನೀರನ್ನು ಎಲ್ಲಿಗೆ ಕಳುಹಿಸುತ್ತಿದೆ? ಜನರನ್ನು ಹೇಗೆ ನಿಲ್ಲಿಸುತ್ತಿದೆ? ಭಾರವನ್ನು ಯಾವುದರ ಮೇಲೆ ಹೊರಿಸಿದೆ? ಕೆತ್ತಬಹುದಾಗಿದ್ದ ಏನನ್ನು ಕೆತ್ತದೆ ಬಿಟ್ಟಿದೆ? 'ಪಳ್ಳಿ' ಎಂಬ ಶಬ್ದವನ್ನೇ ನೋಡಿ. ಕಡಲಕರೆಯ ನುಡಿಗಳಲ್ಲಿ ಅದು ಜೈನ ಬೌದ್ಧರ ನೆಲೆಗೂ ಸಲ್ಲುತ್ತಿತ್ತು, ಕ್ರೈಸ್ತರ ಇಗರ್ಜಿಗೂ ಸಲ್ಲುತ್ತದೆ, ಮಸೀದಿಗೂ ಸಲ್ಲುತ್ತದೆ. ಆ ಶಬ್ದವನ್ನು ಯಾರು ಯಾರಿಂದ ಕದ್ದರೆಂದು ಯಾವ ನಿಘಂಟುಕಾರನೂ ದಾವೆ ಹೂಡಲಿಲ್ಲ. ಮಾಡೂ ಅಂಥ ಒಂದು ಶಬ್ದ. ಅರ್ಥ ತಿಳಿಯಬೇಕಾದರೆ ವಾಕ್ಯವನ್ನು ಪೂರ್ತಿ ಓದಬೇಕು.

ಬೆಂಗಳೂರಿಗೆ ಮರಳಿದ ವಾರದಲ್ಲೇ ಇಲ್ಲೂ ನಾಲ್ಕು ದಿನ ಜೋರು ಮಳೆ ಹಿಡಿಯಿತು. ಇಂಜಿನಿಯರರ ಮನೆಯ ತಾರಸಿ ಸೋರಿತು. ಅವರದು ಮೂರಂತಸ್ತಿನ ಭದ್ರವಾದ ಮನೆ, ತಾವೇ ನಿಂತು ಕಟ್ಟಿಸಿದ್ದು. ಎರಡು ವರ್ಷದಿಂದ ಏನೇನೋ ಲೇಪ ಬಳಿಸಿ ನೋಡಿದ್ದರು. ಈ ಸಲ ಬೇಸತ್ತು, ನಮ್ಮ ಬಡಾವಣೆಯ ಹತ್ತು ಮನೆಯವರು ಆಗಲೇ ಮಾಡಿಸಿಕೊಂಡಿರುವಂತೆ, ತಾರಸಿಯ ಮೇಲೆ ಕಬ್ಬಿಣದ ಕಂಬ ನೆಡಿಸಿ ಎರಡು ಕಡೆಗೂ ಇಳಿಜಾರಾಗಿ ತಗಡು ಹೊದಿಸಿದರು. ಕೆಲಸ ಮುಗಿದ ಸಂಜೆ ನನ್ನನ್ನು ಕರೆದು, ಬೀದಿಯ ಆಚೆ ಬದಿಗೆ ನಿಲ್ಲಿಸಿ, ಮೇಲಕ್ಕೆ ಬೊಟ್ಟು ಮಾಡಿದರು.

"ನೋಡಿ ಮೇಷ್ಟ್ರೇ, ನಮ್ಮ ಮನೆಯೂ ಚೀನಾದ ಹಾಗಾಯಿತು."

ನಾನು ನಕ್ಕೆ. ಅವರು ನಗಲಿಲ್ಲ, ತಗಡಿನ ಅಂಚಿನಿಂದ ನೀರು ಗೋಡೆಗೆ ಸೋಕದೆ ಎಲ್ಲಿ ಬೀಳುತ್ತದೆ ಎಂಬುದನ್ನೇ ನೋಡುತ್ತಿದ್ದರು.